ಅರವತ್ತು ನಿಮಿಷ

ಶುರುವಾದದ್ದು ದಾಲ್‌ಗೆ ಉಪ್ಪು ಕಡಿಮೆಯಾದ ರಾತ್ರಿ.
ಜುಬೈಲಿನ ಕ್ಯಾಂಪು, ಹದಿನೇಳನೇ ರೂಮು,
ಮಂಚ ಆರು, ಮೂರರ ಮೇಲೆ ಮೂರು.
ಹೊರಗೆ ಶಮಾಲ್ ಗಾಳಿ ತಗಡಿಗೆ ಮರಳು ಎರಚುತ್ತಿತ್ತು.

ಪುತ್ತುಬಾವ ಹೇಳಿದ, ಗ್ರಾನೈಟ್ ಗಸ್.
ಲಗಮಪ್ಪ ಹೇಳಿದ, ಕಿಡ್ ಮರ್ಕ್ಯುರಿ.
ಇಬ್ಬರೂ ಒಂದೇ ಕಾಲದವರಲ್ಲ, ಒಂದೇ ರಿಂಗು ತುಳಿದವರಲ್ಲ,
ಒಬ್ಬ ಸತ್ತು ಹತ್ತು ವರ್ಷ,
ಇನ್ನೊಬ್ಬ ಈಗೆಲ್ಲೋ ಹಳೆ ಕಾರು ಮಾರುತ್ತಾನಂತೆ.
ಆದರೂ ಇಳಿಸಿದೆವು.
ಒಂದು ತಾಸಿನ ಪಂದ್ಯ. ಗಂಟೆ ಹೊಡೆಯುವ ತನಕ ನಿಲ್ಲುವಂತಿಲ್ಲ.
ಹೆಚ್ಚು ಸಲ ಕೆಡವಿದವನಿಗೆ ಬೆಲ್ಟು.
ಕೆಲಸದಲ್ಲಿ ನಾನು ಟೈಮ್ ಕೀಪರು,
ಹಾಗಾಗಿ ಕೇಳದೆಯೇ ಗಂಟೆ ನನ್ನ ಕೈಗೆ ಬಂತು.

ಪುತ್ತುಬಾವನ ಸಾಕ್ಷಿ ಒಂದು ಟ್ರಂಪ್ ಕಾರ್ಡು,
ಉಪ್ಪಿನಂಗಡಿಯಲ್ಲಿ ಶಾಲೆಯ ಹಿಂದೆ ಗೆದ್ದದ್ದು,
ಮೂಲೆ ಸವೆದು ದುಂಡಗಾಗಿ
ಇಕಾಮಾದ ಜೊತೆ ಪರ್ಸಿನಲ್ಲಿದೆ.
ಎತ್ತರ ಆರಡಿ ಎಂಟಿಂಚು, ತೂಕ ನೂರ ಅರವತ್ತೊಂದು,
ಎದೆ ಇಷ್ಟು, ತೋಳು ಇಷ್ಟು, ಆಡಿದ್ದೆಷ್ಟು, ಗೆದ್ದದ್ದೆಷ್ಟು.
“ಓದು ಮಾರಾಯ, ಓದು. ಗುಡ್ಡೆಯನ್ನು ಯಾರು ಎತ್ತುವುದು?”

ಲಗಮಪ್ಪ ಗೋಕಾಕದ ಕಡೆಯವ.
ಗರಡಿಯ ಕೆಂಪು ಮಣ್ಣಿನಲ್ಲಿ ಉಜ್ಜಿ ಉಜ್ಜಿ
ಅವನ ಎಡಗಿವಿ ಹದಿನಾರಕ್ಕೇ ಮುದ್ದೆಯಾಗಿದೆ.
ಕಾರ್ಡನ್ನು ತಿರುವಿ ಮುರುವಿ ನೋಡಿದ.
“ಎಲ್ಲಾ ಬರದಾರ. ದಮ್ಮು ಎಲ್ಲಿ ಬರದಾರ?
ಹತ್ತ ಮಿನಿಟಿಗೆ ನಿನ್ನ ಗುಡ್ಡ ಎತ್ತಿನಂಗ ತೇಕತೈತಿ.
ಸಣ್ಣಾಂವ ಸುತ್ತಾಕೋತ ಇರ್ತಾನ,
ಬಿಟ್ಟ ಹಿಡೀತಾನ, ಹಿಡದ ಬಿಡ್ತಾನ.
ತಾಸಿನ ಕುಸ್ತಿ ಮೈಯಾಗ ಇರೂದಿಲ್ಲೋ, ಉಸರಿನ್ಯಾಗ.”

“ಎಲ್ಲ ಮೊದಲೇ ಮಾತಾಡಿಕೊಂಡು ಬೀಳುವುದು”
ಎಂದ ಮೇಲಿನ ಮಂಚದ ರೊಸಾರ್, ಫೋನಿನಿಂದ ಕಣ್ಣೆತ್ತದೆ.
ಎರಡೂ ಕಡೆಯಿಂದ ದಿಂಬು ಹಾರಿತು.
“ನಮ್ಮದು ಮೊದಲೇ ಮಾತಾಡಿದ್ದಲ್ಲವಾ?
ಎರಡು ವರ್ಷ, ಇಷ್ಟು ಸಂಬಳ, ಒಂದು ಟಿಕೇಟು.
ಅಂತ ಬೆನ್ನು ನೋಯುವುದಿಲ್ಲವಾ?”

ಇಪ್ಪತ್ತನೇ ನಿಮಿಷಕ್ಕೆ ಲೈಟು ಆರಿಸಿದೆವು. ಒಂದು, ಒಂದು.
ಮರುದಿನ ಬಸ್ಸಿನಲ್ಲಿ ಮರ್ಕ್ಯುರಿಯ ಮೊಣಕಾಲು ಉಳುಕಿತು,
ಮೆಸ್ಸಿನ ಸಾಲಿನಲ್ಲಿ ಸರಿಹೋಯಿತು.
ವಾರ ಕಳೆದರೂ ಆ ತಾಸು ಮುಗಿಯಲಿಲ್ಲ.

ಆಗ ಪೋಶೆಟ್ಟಿ,
ಉಂಡ ತಟ್ಟೆ ತೊಳೆದು ಗೋಡೆ ಕಡೆ ತಿರುಗುವ ನಿಜಾಮಾಬಾದಿನವ,
ಆರು ತಿಂಗಳಲ್ಲಿ ನಾವು ಅವನ ದನಿ ಕೇಳಿದ್ದು ಸೀನಿದಾಗ ಮಾತ್ರ,
ತೆಲುಗಿಗೆ ಹಿಂದಿ ಬೆರೆಸಿ ಕೇಳಿದ:
“ಮತ್ತೆ ಆ ಪಟ್ಟೆ ಅಂಗಿಯವನು?”
ಯಾವನು?
“ಎಣಿಸುವವನು. ಅವನಿಗೂ ಅದೇ ತಾಸು.
ಇವರು ಬಿದ್ದಾಗೆಲ್ಲ ಅವನೂ ಬೀಳಬೇಕು,
ನೆಲ ಬಡಿಯಬೇಕು, ಎದ್ದು ನಿಲ್ಲಬೇಕು.
ಅವನು ಬಿದ್ದರೆ ಎಣಿಸುವವರಿಲ್ಲ.”

ಏಸಿ ಒಮ್ಮೆ ಕೆಮ್ಮಿ ಮತ್ತೆ ಶುರುವಾಯಿತು.
ಪುತ್ತುಬಾವ ಕಾರ್ಡು ಮಗುಚಿ ನೋಡಿದ,
ಅವನ ಹೆಸರೂ ಅಲ್ಲಿದ್ದೀತೇನೋ ಎಂಬಂತೆ.
“ಹೌದಲೇ” ಎಂದ ಲಗಮಪ್ಪ. ಅಷ್ಟೇ.

ಬೆಳಿಗ್ಗೆ ಟ್ಯಾಂಕಿನ ಬಾಯಲ್ಲಿ ಎಂದಿನಂತೆ ಪೋಶೆಟ್ಟಿ.
ಒಳಹೋದವರ ಹೆಸರು ಬರೆಯುವುದು,
ಹೊರಬಂದರೆ ಗೀಟೆಳೆಯುವುದು,
ಹನ್ನೆರಡು ತಾಸು, ಕೂರುವಂತಿಲ್ಲ.
ಒಳಗೆ ಗ್ರೈಂಡರು, ಕಿಡಿ, ಲಗಮಪ್ಪ.
ಹೊತ್ತು ಮೀರಿತೆಂದು ಪೋಶೆಟ್ಟಿ ಉಕ್ಕಿಗೆ ಅಂಗೈ ಬಡಿದ.
ಒಂದು.
ಎರಡು.
ಮೂರಕ್ಕೆ ಕೈ ಎತ್ತಿದ್ದ, ಅಷ್ಟರಲ್ಲಿ ಹೆಲ್ಮೆಟ್ಟು,
ಹಿಂದೆ ಮುದ್ದೆಗಿವಿ, ಆಮೇಲೆ ಹಲ್ಲು:
“ಭುಜ ಎತ್ತೀನಿ ನೋಡಪಾ, ಎಣಸಬ್ಯಾಡ!”
ಪೋಶೆಟ್ಟಿ ನಕ್ಕನೋ, ಧೂಳಿಗೆ ಮುಖ ಕಿವುಚಿದನೋ,
ಮಾಸ್ಕಿನ ಮೇಲಿಂದ ತಿಳಿಯಲಿಲ್ಲ.
ಗೀಟೆಳೆದ.

ಈಗ ಮೂರು, ಮೂರು. ಹನ್ನೊಂದು ನಿಮಿಷ ಬಾಕಿ.
ತಿಂಗಳ ಕೊನೆಗೆ ಶಟ್‌ಡೌನ್ ಮುಗಿಯುತ್ತದೆ,
ಲಗಮಪ್ಪನ ಟಿಕೇಟು ಆಫೀಸಿಗೆ ಬಂದದ್ದು ನನಗೆ ಗೊತ್ತು.
ಯಾರ ತಾಸನ್ನೂ ಈತನಕ ಹೆಚ್ಚು ಬರೆದವನಲ್ಲ ನಾನು.
ಗಂಟೆ ದಿಂಬಿನ ಕೆಳಗಿದೆ.
ಅವರು ಕೇಳಿದಾಗೆಲ್ಲ
ಇನ್ನೂ ಹನ್ನೊಂದೇ ಎನ್ನುತ್ತೇನೆ.